ಬೆಳ್ಳುಳ್ಳಿ ಬೆಳೆಯದ ಊರಲ್ಲಿ

ನಮ್ಮೂರಲ್ಲಿ ಯಾರೂ ಬೆಳ್ಳುಳ್ಳಿ ಬೆಳೆಯುತ್ತಿರಲಿಲ್ಲ.
ಆದರೂ ಗಾಳಿ ಕಾರ್ಖಾನೆ ಕಡೆಯಿಂದ ಬೀಸಿದ ದಿನ
ಇಗರ್ಜಿಯಲ್ಲಿ ಮಂಡಿಯೂರಿದವರ ಕೋಟಿನಿಂದ,
ಹಸುಗೂಸಿನ ನೆತ್ತಿಯಿಂದ ಕೂಡ
ಅದೇ ವಾಸನೆ.

ಸಾಂ-ಮೊರೀಸ್ ನದಿ ಶಾವಿನಿಗನ್ನಿನ ಬಂಡೆಯಿಂದ ಧುಮುಕುತ್ತದೆ.
ಧುಮುಕುವ ಮೊದಲೇ ಅರ್ಧ ಹೊಳೆಯನ್ನು
ಕೊಳವೆಗೆ ಹೊಗಿಸಿ ಮಿಂಚು ಮಾಡಿದರು,
ಆ ಮಿಂಚಿನಲ್ಲಿ ಸುಣ್ಣವನ್ನೂ ಕೋಕನ್ನೂ ಬೇಯಿಸಿದರು.
ಬೇಯಿಸಿದರು ಅನ್ನುವುದು ನನ್ನ ಮಾತು,
ನನಗೆ ಗೊತ್ತಿದ್ದದ್ದು ಒಲೆಯೊಂದೇ.
ನಡುರಾತ್ರಿ ಕುಲುಮೆ ಬಾಯಿ ತೆರೆದರೆ
ಬೆಳಗಾಯಿತೆಂದು ಹುಂಜಗಳು ಕೂಗಿದವು.

ಹೊರಬಂದದ್ದು ಬೂದು ಕಲ್ಲು.
ನೀರು ತೋರಿಸಿದರೆ ಸಾಕು, ಬುಸುಗುಡುತ್ತದೆ.
ಆ ಬುಸುಗಾಳಿಯೇ ಅಸಿಟಲೀನು.
ಮೊದಲೆಲ್ಲ ಸೈಕಲ್ಲಿನ ಮೂತಿಗೆ, ಗಣಿಯವರ ಹಣೆಗೆ
ದೀಪವಾಗುತ್ತಿತ್ತು, ಅಷ್ಟೆ.
ಯುದ್ಧ ಬಂತು. ಬೆಳಕು ಸಾಲದು, ಅಸಿಟೋನು ಬೇಕು ಎಂದರು.

ಎಕ್ಸಿಲ್ಡಾ ಜೆಲಿನಾ, ಹತ್ತೊಂಬತ್ತು ವರ್ಷ,
ಕೆಲಸ: ಪ್ರಯೋಗಶಾಲೆಯ ಬಾಟಲಿ ತೊಳೆಯುವುದು.
ಮಿಸ್ಟರ್ ಹ್ಯಾಡೋ ಇಂಗ್ಲಿಷಿನಲ್ಲಿ ಬೈಯುತ್ತಿದ್ದರು,
ನಾನು ಫ್ರೆಂಚಿನಲ್ಲಿ ಕೇಳಿಸಿಕೊಳ್ಳುತ್ತಿದ್ದೆ.
ನೆಲಕ್ಕೆ ಚೆಲ್ಲಿದ ಪಾದರಸವನ್ನು
ಇಸ್ಪೀಟು ಎಲೆಯಲ್ಲಿ ಬಾಚಿ ಬಾಚಿ ಡಬ್ಬಿಗೆ ತುಂಬುತ್ತಿದ್ದೆ,
ಓಡಿಹೋಗುವ ಮಕ್ಕಳನ್ನು ಹಿಡಿದಂತೆ.

ಒಂದನೇ ಶೆಡ್ಡಿನಲ್ಲಿ ಬೆಳ್ಳುಳ್ಳಿ.
ಪಾದರಸ ಕಲಸಿದ ಆಮ್ಲದಲ್ಲಿ ಗುಳುಗುಳು ಮುಳುಗೆದ್ದು ಬಂದರೆ
ಅದೇ ಗಾಳಿ ಎರಡನೆಯದರಲ್ಲಿ ಹಸಿರು ಸೇಬು,
ಅಮ್ಮ ಒಣಹುಲ್ಲಿನಲ್ಲಿ ಮುಚ್ಚಿಡುವಂಥದು.
ಅದರಾಚೆ ವಿನಿಗರು, ಕಣ್ಣು ಕಿತ್ತುಬರುವಷ್ಟು.
ಜಿಲ್ಲೆಯ ಸೌತೆಕಾಯನ್ನೆಲ್ಲ ಉಪ್ಪಿನಕಾಯಿ ಹಾಕಬಹುದಿತ್ತು.
ಕೊನೆಯ ಶೆಡ್ಡಿನದು ಮಾತ್ರ
ಯಾವ ಅಡುಗೆಮನೆಯದೂ ಅಲ್ಲ:
ಸಿಹಿಸಿಹಿ, ತಣ್ಣಗೆ, ಬೆರಳಿಗೆ ತಾಗಿದ್ದು ತಿಳಿಯುವ ಮೊದಲೇ
ಆರಿಹೋಗುವ ನೀರು.

ಯಾತಕ್ಕೆ ಅದು, ಅಮ್ಮ ಕೇಳಿದಳು.
ಮದ್ದಿಗೆ, ಅಂದೆ.
ಯಾರ ಕಾಯಿಲೆಗೆ, ಅಂದಳು.

ಹ್ಯಾಡೋ ತಮ್ಮ ಬೂಟಿನ ಲಾಡಿ ಬಿಚ್ಚಿ ತೋರಿಸಿದ್ದರು:
ನೋಡು, ಮದ್ದನ್ನು ಹೀಗೆ ದಾರವಾಗಿ ಒತ್ತುತ್ತಾರೆ,
ಶಾವಿಗೆ ಒತ್ತಿದ ಹಾಗೆ.
ಹಿಟ್ಟು ನಾದಲು ಈ ನೀರು ಬೇಕು.
ಒಣಗಿದ ಮೇಲೆ ನೀರು ಹಾರಿಹೋಗುತ್ತದೆ.
“ಅಂದರೆ ಗುಂಡು ಹಾರುವಾಗ ಅದರಲ್ಲಿ ನಮ್ಮದೇನೂ ಇರುವುದಿಲ್ಲವೆ?”
“ಇರುವುದಿಲ್ಲ.”
ಎಷ್ಟೋ ವಾರ ಆ ಒಂದು ಮಾತನ್ನು
ಜಪಸರದ ಮಣಿಯಂತೆ ತಿರುಗಿಸಿದೆ.

ಆ ಶರತ್ಕಾಲ ಸೈನ್ಯದ ಕಾಗದ ಬರುವ ಮುಂಚೆಯೇ
ಅಣ್ಣ ಓವಿಲಾ ನದಿಯ ಮೇಲ್ದಿಕ್ಕಿಗೆ,
ಮರ ಕಡಿಯುವವರ ಬಿಡಾರಕ್ಕೆ ಹೋದ.
ಅಂಗ್ರೇಜಿಯ ರಾಜನಿಗಾಗಿ ಸಾಯಲಾರೆ, ಅಂದ.
ನನ್ನ ಬೆರಳು ನೋಡಿ ಮತ್ತೇನೂ ಅನ್ನಲಿಲ್ಲ.
ಅವನ ಗಂಟಿಗೆ ಒಂದು ಡಬ್ಬಿ ಕಾರ್ಬೈಡು ಕದ್ದು ಹಾಕಿದೆ.
ಕಾಡಿನಲ್ಲಿ ದೀಪವಾದರೂ ಇರಲಿ.

ಮಂಜುಗಡ್ಡೆ ಒಡೆದಾಗ ದಿಮ್ಮಿಗಳು ತೇಲಿಬಂದವು,
ಸಾವಿರ, ಸಾವಿರ. ಕಂಪನಿಯ ಮುದ್ರೆಯ ಪಕ್ಕ
ಮೂರು ಕಚ್ಚು ಇದ್ದರೆ ಅವನು ಇದ್ದಾನೆಂದು ಲೆಕ್ಕ.
ಕೊಳವೆಯ ಬಾಯಿಯ ಬಳಿ ಊಟದ ಬಿಡುವಿನಲ್ಲಿ ನಿಲ್ಲುತ್ತಿದ್ದೆ.
ಏಪ್ರಿಲಿನಲ್ಲಿ ಎರಡು ಕಂಡೆ.
ಮೇ ತಿಂಗಳಲ್ಲಿ ಒಂದು. ಅದು ಕಚ್ಚೋ ಬಂಡೆಯ ಗಾಯವೋ.

ನವೆಂಬರಿನಲ್ಲಿ ಗಂಟೆ ಬಾರಿಸಿದರು.
ನಾಲ್ಕನೇ ಶೆಡ್ಡಿನ ಕವಾಟ ತಿರುಗಿಸಲು ಅರ್ಧ ನಿಮಿಷ.
ಪಕ್ಕದ ಮನೆಯ ರೊಜೇರ್ ಬಂದ, ಮೊಣಕೈವರೆಗೆ.
ಕ್ರಿಸ್ಮಸ್ಸಾದ ಮೇಲೆ ಓವಿಲಾನೂ ಬಂದ, ಗಡ್ಡ ಬಿಟ್ಟು.
ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು
ಒಂದೇ ಪೈಪು ಸೇದಿದರು, ಮಾತಿಲ್ಲ.
ಅಣ್ಣನ ದೀಪಕ್ಕೆ ನಾನೇ ನೀರು ಹನಿಸಿದೆ.
ಆ ಬಿಳಿ ಬೆಳಕಿನಲ್ಲಿ ಮಡಿಚಿ ಪಿನ್ನು ಹಾಕಿದ ತೋಳು
ಎಷ್ಟು ಸ್ಪಷ್ಟ ಕಂಡಿತೆಂದರೆ
ನಾನೇ ಊದಿ ಆರಿಸಿದೆ.

ಅಮ್ಮ ಕಾರ್ಖಾನೆಯ ಹಿಂದೆ ಸುರಿದ ಸುಣ್ಣ
ಪುಕ್ಕಟೆಯೆಂದು ತರಿಸಿ ಗೋಡೆಗೆ ಬಳಿದಳು.
ಮಳೆ ಬಿದ್ದರೆ ಇವತ್ತಿಗೂ ಅದು
ಮೆಲ್ಲಗೆ ಬುಸುಗುಡುತ್ತದೆ ಅನ್ನುತ್ತಿದ್ದಳು.
ನನಗೆ ಕೇಳಿಸಿಲ್ಲ.
ವಾಸನೆ ಮಾತ್ರ.